ಏಳು ಕೆಂಪು ಹೊಲಿಗೆ

ಜೂನ್ 9

ಅಕ್ಕ,

ಬಂದು ಸೇರಿ ಒಂಬತ್ತು ದಿನವಾಯಿತು. ಎರಡು ಬಸ್ಸು ಬದಲಿಸಿ ಹತ್ತು ಗಂಟೆ ಕೂತು ಕಾಲು ಮರಗಟ್ಟಿತ್ತು, ಈಗ ಸರಿಯಾಗಿದೆ. ನಾವು ಆರು ಜನ ಹೆಂಗಸರು ಒಂದು ಕೋಣೆಯಲ್ಲಿದ್ದೇವೆ. ನನ್ನ ಮಂಚ ಕಿಟಕಿಯ ಪಕ್ಕ.

ಲಾಂಡ್ರಿ ಎಂದರೆ ನಾವು ಅಂದುಕೊಂಡ ಹಾಗಿಲ್ಲ. ಒಂಬತ್ತು ಊರಿನ ಆಸ್ಪತ್ರೆಗಳ ಬಟ್ಟೆ ಗೂಡ್ಸ್ ರೈಲಿನಲ್ಲಿ ಇಲ್ಲಿಗೆ ಬರುತ್ತದೆ. ನಮ್ಮ ಊರಿನದು ಮಂಗಳವಾರ. ಮಾಮೂಲಿ ವಾರ್ಡಿನ ಚೀಲಕ್ಕೆ ಬಿಳಿ ಹಗ್ಗ, ಆಪರೇಷನ್ ಕೋಣೆಯದಕ್ಕೆ ನೀಲಿ, ಅಂಟುರೋಗದ್ದಕ್ಕೆ ಕೆಂಪು. ಕೆಂಪು ಹಗ್ಗದ ಚೀಲವನ್ನು ಯಾರೂ ಬಿಚ್ಚುವಂತಿಲ್ಲ. ಹಾಗೇ ಎತ್ತಿ ಕುದಿಯುವ ನೀರಿಗೆ ಹಾಕುತ್ತಾರೆ, ಗಂಟು ನೀರಿನಲ್ಲೇ ಸಡಿಲವಾಗುತ್ತದೆ. ನನ್ನ ಕೆಲಸ ಆಮೇಲಿನದು: ಒಗೆದು ಒಣಗಿ ಬಂದದ್ದನ್ನು ಮೇಜಿನ ಮೇಲೆ ವಿಂಗಡಿಸಿ ಮಡಚುವುದು. ನನ್ನ ಎದುರಿಗೆ ನಿಲ್ಲುವವಳನ್ನು ಎಲ್ಲರೂ ಉದ್ದಕ್ಕ ಎನ್ನುತ್ತಾರೆ. ಬಾಗಿಲಿಗೆ ತಲೆ ತಾಗುತ್ತದೆ. ನನಗೆ ಮೊದಲ ದಿನವೇ, "ಅಳೋದಿದ್ರೆ ಬಿಳಿ ಹಗ್ಗದ ಟವೆಲ್ ತಗೋ, ನೀಲಿದು ಬೇಡ" ಎಂದಳು.

ಮುಖ್ಯ ವಿಷಯ. ಒಂದು ವರ್ಷ ಒಂದು ದಿನವೂ ತಪ್ಪಿಸದೆ ಕೆಲಸ ಮಾಡಿದರೆ ಮಕ್ಕಳಿರುವವರಿಗೆ ಬೇರೆ ಮನೆ ಕೊಡುತ್ತಾರೆ. ಒಂದು ಕೋಣೆ, ಒಂದು ಅಡುಗೆಮನೆ. ಶಾಲೆ ಗೇಟಿನ ಎದುರಿಗೇ ಇದೆ. ನಡುವೆ ಒಂದು ದಿನ ತಪ್ಪಿದರೂ ಎಣಿಕೆ ಮತ್ತೆ ಒಂದರಿಂದ. ವಾರಕ್ಕೆ ಒಂದೇ ರಜೆ, ಊರಿಗೆ ಹೋಗಿ ಬರಲು ಎರಡು ದಿನ ಬೇಕು. ಆದ್ದರಿಂದ ಬರುವ ಜೂನ್ ಒಂದರವರೆಗೆ ನಾನು ಬರುವುದಿಲ್ಲ. ಇದನ್ನು ನನ್ನ ಮಗಳಿಗೆ ನೀನೇ ಹೇಳಬೇಕು. ನಾನು ಹೇಳಲು ಹೋಗಿ ಹೇಳದೆ ಬಸ್ಸು ಹತ್ತಿದೆ.

ಅವಳ ಬಟ್ಟೆಗಳ ಕಾಲರಿನ ಒಳಗೆ ಕೆಂಪು ದಾರದಲ್ಲಿ ಏಳು ಅಡ್ಡ ಹೊಲಿಗೆ ಹಾಕಿದ್ದೇನೆ, ಅವಳ ವಯಸ್ಸಿನ ವರ್ಷಕ್ಕೊಂದರಂತೆ. ಕೆಲಸಕ್ಕೆ ಬರುವವರು ಬಟ್ಟೆಗೆಲ್ಲ ಗುರುತು ಹಾಕಿಕೊಂಡು ಬನ್ನಿ ಎಂದಿದ್ದರಲ್ಲ, ನನ್ನದಕ್ಕೆ ಹಾಕುವಾಗ ಅವಳದಕ್ಕೂ ಹಾಕಿದೆ. "ಇದಿದ್ರೆ ಯಾರು ನೋಡಿದ್ರೂ ನಿಂದೇ ಅಂತ ಗೊತ್ತಾಗುತ್ತೆ" ಎಂದು ಅವಳಿಗೆ ಹೇಳಿದ್ದೇನೆ. ಆ ನೀಲಿ ಫ್ರಾಕು ಮಾತ್ರ ಯಾರಿಗೂ ಕೊಡಬೇಡ. ಕೆಳಗೆ ನಾಲ್ಕು ಬೆರಳು ಮಡಿಕೆ ಬಿಟ್ಟಿದ್ದೇನೆ, ಬೆಳೆದ ಹಾಗೆ ಬಿಚ್ಚಿಕೊಂಡು ಹೋಗು. ಇಲ್ಲಿಗೆ ಬರುವ ದಿನ ಅವಳು ಅದನ್ನೇ ಹಾಕಿಕೊಂಡು ಬಸ್ಸಿನಿಂದ ಇಳಿಯಬೇಕು.

ನಿನ್ನ ತಂಗಿ


ಜೂನ್ 27

ತಂಗೀ,

ಹೇಳಿದೆ. ಒಂದು ಊಟ ಬಿಟ್ಟಳು, ಮುಂದಿನ ಊಟಕ್ಕೆ ಎರಡರಷ್ಟು ತಿಂದಳು. ನಿನ್ನ ಮಗಳಿಗೆ ಜೀರುಂಡೆ ಎಂದು ಹೆಸರಿಟ್ಟಾಗ ನಿನ್ನ ಭಾವನ ಮೇಲೆ ನನಗೆ ಸಿಟ್ಟು ಬಂದಿತ್ತು. ಈಗ ಅನಿಸುತ್ತದೆ, ಜೀರುಂಡೆಯಾದರೂ ಉಸಿರು ತೆಗೆದುಕೊಳ್ಳಲು ನಿಲ್ಲಿಸುತ್ತದೆ. ಭಾವ ಪೇಪರು ಹಿಡಿದರೆ ಇವಳು ಹಿಂದಿನಿಂದ ಗಟ್ಟಿಯಾಗಿ ಓದುತ್ತಾಳೆ. "ನಾನು ಪೇಪರ್ ತರಿಸೋದೋ, ರೇಡಿಯೋ ಇಟ್ಕೊಂಡಿರೋದೋ?" ಎಂದರು. "ರೇಡಿಯೋ ಆಫ್ ಮಾಡ್ಬಹುದು ದೊಡ್ಡಪ್ಪ" ಎಂದಳು.

ಪಕ್ಕದ ಮನೆಗೆ ಹೊಸಬರು ಬಂದಿದ್ದಾರೆ. ಆಕೆಗೆ ಬಸ್ ನಿಲ್ದಾಣದಲ್ಲಿ ಟಿಕೆಟ್ ಕಿಟಕಿಯ ಕೆಲಸ. ಒಬ್ಬಳೇ, ಒಬ್ಬಳು ಮಗಳು, ಇವಳಿಗಿಂತ ಒಂದು ವರ್ಷ ಚಿಕ್ಕವಳು. ಆ ಹುಡುಗಿ ಮಾತೇ ಆಡುವುದಿಲ್ಲ, ಇವಳು ನಿಲ್ಲಿಸುವುದಿಲ್ಲ, ಚೆನ್ನಾಗಿ ಹೊಂದಿಕೆಯಾಗಿದೆ. ಹೋದಲ್ಲೆಲ್ಲ ಹಿಂದೆಯೇ ಇರುತ್ತದೆ. ನಾನು ಅದಕ್ಕೆ ಬಾಲ ಎಂದೇ ಕರೆಯುವುದು. ಅಮ್ಮ ಕೆಲಸದಿಂದ ಬರುವವರೆಗೆ ಬಾಲವೂ ನಮ್ಮ ಮನೆಯಲ್ಲೇ.

ನಾನು ಶಾಲೆಯಲ್ಲಿ ಗಂಟೆ ಹೊಡೆಯುತ್ತೇನೆ ಎಂದು ಈ ಇಬ್ಬರೂ ತಾವೇ ಶಾಲೆ ನಡೆಸುವವರ ಹಾಗೆ ನಡೆಯುತ್ತಾರೆ.

ಅಕ್ಕ

*ಅಮ್ಮಾ ನಾನು ಬಾಲಕ್ಕೆ ಕೂಡೋ ಲೆಕ್ಕ ಕಲಿಸಿದೆ. ಅದಕ್ಕೆ ಬರಲ್ಲ ಆದ್ರೂ ತಲೆ ಆಡಿಸುತ್ತೆ. ನಿನಗೆ ಅಲ್ಲಿ ಯಾರು ಮಾತಾಡಿಸ್ತಾರೆ?*


ಸೆಪ್ಟೆಂಬರ್ 14

ಅಕ್ಕ,

ಇವತ್ತಿಗೆ ನೂರಾ ಆರು ದಿನ. ಗೋಡೆಯ ಮೇಲೆ ಗೆರೆ ಎಳೆಯುತ್ತಿದ್ದೆ, ಮೇಲ್ವಿಚಾರಕಿ ನೋಡಿ "ಇದೇನು ಜೈಲಾ?" ಎಂದು ಅಳಿಸಿದರು. ಈಗ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ.

ಅವಳು ಬರೆಯುವ ಎರಡು ಸಾಲನ್ನು ಉದ್ದಕ್ಕನಿಗೂ ಓದಿ ಹೇಳುತ್ತೇನೆ. "ಯಾರು ಮಾತಾಡಿಸ್ತಾರೆ ಅಂತ ಕೇಳಿದ್ಳಲ್ಲ, ನಾನು ಅಂತ ಬರಿ" ಎಂದಳು. ಬರೆದಿದ್ದೇನೆ.

ಮಂಗಳವಾರ ನಮ್ಮ ಊರಿನ ಹಾಸಿಗೆ ಬಟ್ಟೆ ಬಂದಾಗ ಸುಮ್ಮನೆ ಒಂದು ಖುಷಿ. ನಮ್ಮ ಊರಿನ ಯಾರೋ ಇದರ ಮೇಲೆ ಮಲಗಿದ್ದರು ಎಂದುಕೊಳ್ಳುತ್ತೇನೆ. ಮಲಗಿದ್ದವರಿಗೆ ಏನಾಗಿತ್ತು ಎಂದು ಯೋಚಿಸುವುದಿಲ್ಲ. ಯೋಚಿಸಿದರೆ ಮಡಚಲು ಆಗುವುದಿಲ್ಲ.

ತಂಗಿ


ಫೆಬ್ರವರಿ 11

ತಂಗೀ,

ಕಾಗದ ತಡವಾಯಿತು. ಎಲ್ಲರೂ ಚೆನ್ನಾಗಿದ್ದೇವೆ. ಶಾಲೆಗೆ ಬಣ್ಣ ಹೊಡೆಯುತ್ತಿದ್ದಾರೆ, ಹದಿನೈದು ದಿನ ರಜೆ ಕೊಟ್ಟಿದ್ದಾರೆ. ಜೀರುಂಡೆ ಚೆನ್ನಾಗಿದ್ದಾಳೆ. ಈ ಸಲ ಬರೆಯಲು ಸೋಮಾರಿತನ ಅವಳಿಗೆ. ನಿನ್ನ ಎಣಿಕೆ ಎಷ್ಟಕ್ಕೆ ಬಂತು? ತಪ್ಪಿಸಬೇಡ. ಇಷ್ಟು ದೂರ ಬಂದು ಕೈ ಬಿಡಬಾರದು. ನಾವೆಲ್ಲ ಚೆನ್ನಾಗಿದ್ದೇವೆ.

ಅಕ್ಕ


ಫೆಬ್ರವರಿ 24 (ಅಂಚೆಗೆ ಹಾಕಲಿಲ್ಲ)

ಅಕ್ಕ,

ಇವತ್ತು ಮಂಗಳವಾರ. ನಮ್ಮ ಊರಿನದು ಐದು ಕೆಂಪು ಹಗ್ಗದ ಚೀಲ ಬಂದಿದ್ದವು. ಯಾವಾಗಲೂ ಒಂದೋ ಎರಡೋ. ಮಧ್ಯಾಹ್ನ ಮೂರರ ಸುಮಾರಿಗೆ ನನ್ನ ಮೇಜಿಗೆ ಬಂತು. ಮಕ್ಕಳ ವಾರ್ಡಿನ ದಿಂಬಿನ ಚೀಲಗಳ ನಡುವೆ ಒಂದು ಫ್ರಾಕು. ಆಸ್ಪತ್ರೆಯದಲ್ಲ. ಅವಸರದಲ್ಲಿ ಬಿಚ್ಚಿ ಚೀಲಕ್ಕೆ ಹಾಕಿಬಿಟ್ಟಿರುತ್ತಾರೆ, ಹಾಗೆ ಆಗಾಗ ಆಗುತ್ತದೆ. ಬಣ್ಣವೆಲ್ಲ ಹೋಗಿ ಬೆಳ್ಳಗಾಗಿತ್ತು. ಬದಿಗಿಡಲು ಎತ್ತಿದೆ. ಕಾಲರು ಮಗುಚಿತು.

ಎಣಿಸಿದೆ. ಏಳು.

ಕೆಳಗಿನ ಮಡಿಕೆ ನೋಡಿದೆ. ನನ್ನದೇ ಹೊಲಿಗೆ. ಅಷ್ಟೂ ಮಡಿಕೆ ಹಾಗೇ ಇದೆ. ಒಂದು ಬೆರಳೂ ಬಿಚ್ಚಿಲ್ಲ.

ಉದ್ದಕ್ಕ "ಯಾಕೆ ನಿಂತೆ?" ಎಂದಳು. "ಏನಿಲ್ಲ" ಎಂದು ಫ್ರಾಕನ್ನು ಸೆರಗಿನೊಳಗೆ ಇಟ್ಟುಕೊಂಡೆ.

ಅಕ್ಕ, ನಿನ್ನ ಕಾಗದದಲ್ಲಿ ಚೆನ್ನಾಗಿದ್ದೇವೆ, ಚೆನ್ನಾಗಿದ್ದಾಳೆ ಎಂದು ಮೂರು ಸಲ ಇದೆ.


ಫೆಬ್ರವರಿ 25

ಅಕ್ಕ,

ನಿನ್ನ ಕಾಗದ ಬಂತು. ಇಲ್ಲಿ ಎಲ್ಲ ಮಾಮೂಲು. ಜೀರುಂಡೆಗೆ ಆ ನೀಲಿ ಫ್ರಾಕು ಈಗಲೂ ಆಗುತ್ತಿದೆಯೇ? ಸುಮ್ಮನೆ ನೆನಪಾಯಿತು. ಈ ಸಲ ಅವಳ ಕೈಯಲ್ಲಿ ಒಂದು ಸಾಲಾದರೂ ಬರೆಸು.

ತಂಗಿ


ಮಾರ್ಚ್ 8

ತಂಗೀ,

ಫ್ರಾಕು ಚೆನ್ನಾಗಿ ಆಗುತ್ತದೆ. ಕಳೆದ ಭಾನುವಾರ ಹಾಕಿಕೊಂಡಿದ್ದಳು. ನೀನು ಹೇಳಿದ ಹಾಗೆ ಸ್ವಲ್ಪ ಮಡಿಕೆ ಬಿಚ್ಚಿದ್ದೇನೆ. ನೋಡಿದವರೆಲ್ಲ ಯಾರು ಹೊಲಿದದ್ದು ಎಂದು ಕೇಳಿದರು.

ಬರೆಯಲು ಕೂರಿಸಿದೆ, ಕೂರಲಿಲ್ಲ. ಅಮ್ಮನ ಮೇಲೆ ಮುನಿಸು ಇರಬೇಕು. ಒತ್ತಾಯ ಮಾಡಲಿಲ್ಲ. ನಿನ್ನ ಆರೋಗ್ಯ ನೋಡಿಕೋ.

ಅಕ್ಕ


ಮಾರ್ಚ್ 15

ಅಕ್ಕ,

ಫ್ರಾಕಿನ ವಿಷಯ ತಿಳಿದು ಸಮಾಧಾನವಾಯಿತು.

ಇಲ್ಲಿ ಗೇಟಿನ ಬಳಿ ಒಬ್ಬ ಮಕ್ಕಳ ಚಪ್ಪಲಿ ಮಾಡಿಕೊಡುತ್ತಾನೆ. ಅಳತೆ ಬೇಕು. ಅವಳನ್ನು ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಕಳಿಸು. ಬೆರಳುಗಳೂ ಕಾಣಬೇಕು. ಎರಡೂ ಪಾದ. ನಾನು ಹೊರಡುವ ಮೊದಲು ಎಳೆದುಕೊಂಡ ಗೆರೆ ನನ್ನ ಹತ್ತಿರ ಇದೆ, ಎಷ್ಟು ಬೆಳೆದಿದ್ದಾಳೆ ಎಂದು ನೋಡಬೇಕು.

ಯಂತ್ರಗಳು ಒಂದೇ ಸಮನೆ ಜೀ ಎನ್ನುತ್ತವೆ. ಇಷ್ಟು ದಿನ ಸದ್ದಷ್ಟೇ ಕೇಳುತ್ತಿತ್ತು. ಈಗ ಅದರಲ್ಲಿ ಮಾತು ಕೇಳುತ್ತದೆ. ಏನೆಂದು ಗೊತ್ತಾಗುವುದಿಲ್ಲ, ಯಾರದೆಂದು ಗೊತ್ತಾಗುತ್ತದೆ. ಊಟಕ್ಕೆ ಯಂತ್ರ ನಿಲ್ಲಿಸಿದ ಕೂಡಲೇ ನಾನು ಹೊರಗೆ ಹೋಗಿಬಿಡುತ್ತೇನೆ. ಆ ನಿಶ್ಶಬ್ದ ನನಗೆ ಆಗುವುದಿಲ್ಲ.

ತಂಗಿ


ಮಾರ್ಚ್ 30

ತಂಗೀ,

ಅಳತೆ ಇಟ್ಟಿದ್ದೇನೆ. ಬೆರಳು ಸರಿಯಾಗಿ ಮೂಡಿಲ್ಲ, ಒಂದು ಕಡೆ ನಿಲ್ಲುವವಳಲ್ಲ ಎಂದು ನಿನಗೇ ಗೊತ್ತು. ಒಂದೇ ಪಾದ ಸಿಕ್ಕಿತು. ಚಪ್ಪಲಿಯವನಿಗೆ ಇಷ್ಟು ಸಾಕು.

ನೀನು ಯಂತ್ರದ ಸದ್ದಿನ ಬಗ್ಗೆ ಬರೆದದ್ದು ಓದಿ ನಿನ್ನ ಭಾವ ಪೇಪರು ಕೆಳಗಿಟ್ಟರು. "ಅವಳಿಗೆ ಎಲ್ಲ ಬರೆದುಬಿಡೋಣ" ಎಂದರು. ಬರೆಯಲು ಏನೂ ಇಲ್ಲ ಎಂದೆ. ಇನ್ನು ಎರಡು ತಿಂಗಳು ತಾನೇ. ಗಟ್ಟಿ ಮನಸ್ಸು ಮಾಡು.

ಅಕ್ಕ


ಏಪ್ರಿಲ್ 22

ತಂಗೀ,

ನೀನು ಬಂದು ಹೋಗಿ ಎರಡು ವಾರವಾಯಿತು. ಎದುರಿಗೆ ಎಲ್ಲ ಹೇಳಲು ಬಾಯಿ ಬರಲಿಲ್ಲ, ನೀನೂ ಹೆಚ್ಚು ಕೇಳಲಿಲ್ಲ. ಕಾಗದದಲ್ಲಿ ಹೇಳುತ್ತೇನೆ.

ಶಾಲೆಗೆ ಬಣ್ಣ ಹೊಡೆಯುತ್ತಿರಲಿಲ್ಲ. ಊರಿನಲ್ಲಿ ಮಕ್ಕಳಿಗೆ ಜ್ವರ ಹಬ್ಬಿತ್ತು, ಅದಕ್ಕೆ ಮುಚ್ಚಿದ್ದರು. ಬರೆದಿದ್ದರೆ ನೀನು ಅವತ್ತೇ ಬಸ್ಸು ಹತ್ತುತ್ತಿದ್ದೆ, ನಿನ್ನ ವರ್ಷ ಹೋಗುತ್ತಿತ್ತು. ಜೀರುಂಡೆಗೆ ಏನೂ ಆಗಿರಲಿಲ್ಲ. ಇಲ್ಲದ ಕಾಯಿಲೆಗೆ ಯಾಕೆ ಬರೆಯಲಿ ಎಂದುಕೊಂಡೆ.

ಫ್ರಾಕು ಡಿಸೆಂಬರಿನಲ್ಲೇ ಹೋಗಿತ್ತು. ನಿನ್ನ ಮಗಳೇ ಬಾಲಕ್ಕೆ ಕೊಟ್ಟಿದ್ದಳು. ನನಗೆ ಬಿಗಿ ಆಗುತ್ತೆ, ಇದಕ್ಕೆ ಸರಿಯಾಗುತ್ತೆ ಎಂದು ತಾನೇ ಹಾಕಿ, ಗುಂಡಿಯನ್ನೂ ತಾನೇ ಹಾಕಿದ್ದಾಳೆ. ಆ ಮಗು ಅದನ್ನು ಹಾಕಿಕೊಂಡು ನಮ್ಮ ಮೆಟ್ಟಿಲ ಮೇಲೆ ಕೂತಿತ್ತು. ಮೊದಲ ಸಲ ಅದರ ಬಾಯಲ್ಲಿ ನಾಲ್ಕು ಮಾತು ಕೇಳಿದೆ: "ನೋಡಿ ಅಜ್ಜಿ, ನಂದು ಈಗ." ನನಗೇನು ಅಂಥಾ ವಯಸ್ಸಾಗಿದೆ, ಅಜ್ಜಿಯಂತೆ. ಬಿಚ್ಚು ಎನ್ನಲು ನನ್ನಿಂದ ಆಗಲಿಲ್ಲ. ಹಾಗೆಂದು ನಿನಗೆ ಬರೆಯಲೂ ಆಗಲಿಲ್ಲ. ಯಾರಿಗೂ ಕೊಡಬೇಡ ಎಂದು ನೀನು ಕೇಳಿದ್ದು ಅದೊಂದನ್ನೇ.

ಫೆಬ್ರವರಿಯಲ್ಲಿ ಆ ಮಗುವಿಗೆ ಜ್ವರ ಬಂತು. ಅಮ್ಮ ಟಿಕೆಟ್ ಕಿಟಕಿಯಲ್ಲಿದ್ದಳು, ಬದಲಿಗೆ ಯಾರೂ ಇಲ್ಲ. ನಾನೇ ಎತ್ತಿಕೊಂಡು ಆಸ್ಪತ್ರೆಗೆ ಹೋದೆ. ಫ್ರಾಕು ಮೈಮೇಲೇ ಇತ್ತು. ಮೂರನೆಯ ದಿನ ಮಗು ಹೋಯಿತು.

ಅಂದಿನಿಂದ ನಿನ್ನ ಮಗಳ ಮಾತು ನಿಂತಿತು. ಎಂಟು ದಿನ ಒಂದು ಶಬ್ದವಿಲ್ಲ. ಆಮೇಲೆ ಒಂದು ದಿನ ಕತ್ತರಿ ತೆಗೆದುಕೊಂಡು ತನ್ನ ಎಲ್ಲ ಬಟ್ಟೆಯ ಕಾಲರಿನಲ್ಲಿದ್ದ ಕೆಂಪು ಹೊಲಿಗೆ ಕಿತ್ತಳು. ಯಾಕೆ ಎಂದೆ. "ಬಾಲ ನನ್ನ ಫ್ರಾಕ್ ಹಾಕ್ಕೊಂಡಿತ್ತು. ಹೊಲಿಗೆ ನೋಡಿ ನಾನು ಅಂದ್ಕೊಂಡು ಅದನ್ನ ಕರ್ಕೊಂಡು ಹೋದ್ರು. ಗೊತ್ತಾದ್ರೆ ವಾಪಸ್ ಬರ್ತಾರೆ" ಎಂದಳು. ಅದಕ್ಕೇ ಪಾದ ಅಳೆಯಲು ಬಿಡಲಿಲ್ಲ. ಪೆನ್ಸಿಲು ನೋಡಿದರೆ ಮೇಜಿನ ಕೆಳಗೆ ಸೇರುತ್ತಿದ್ದಳು. ನಾನು ಅವಳ ಹಳೆ ಚಪ್ಪಲಿಯ ಸುತ್ತ ಗೆರೆ ಎಳೆದು ಕಳಿಸಿದೆ. ನೀನು ಅದನ್ನು ನೋಡಿ ಏನೆಂದುಕೊಂಡೆಯೋ.

ಮೆಟ್ಟಿಲ ಮೇಲೆ ಕೂರುವಾಗ ಈಗಲೂ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಡುತ್ತಾಳೆ. ನಿನ್ನ ಭಾವ ಮರೆತು ಕೂತರೆ, "ದೊಡ್ಡಪ್ಪ, ಆ ಕಡೆ" ಎನ್ನುತ್ತಾಳೆ. ಅವರು ಆ ಕಡೆ ಸರಿಯುತ್ತಾರೆ.

ಇನ್ನೊಂದು ಮಾತು. ಟಿಕೆಟ್ ಕಿಟಕಿಯವಳು ಆ ಫ್ರಾಕಿಗಾಗಿ ಆಸ್ಪತ್ರೆಗೆ ಮೂರು ಸಲ ಹೋಗಿ ಕೇಳಿದ್ದಾಳೆ. ಗೊತ್ತಿಲ್ಲ ಎನ್ನುತ್ತಾರಂತೆ. ನನ್ನನ್ನೂ ಕೇಳಿದಳು. ನಿನ್ನ ಚೀಲದಲ್ಲಿದ್ದದ್ದು ನಾನು ನೋಡಿದ್ದೆ. ಗೊತ್ತಿಲ್ಲ ಎಂದೆ.

ಅಕ್ಕ


ಮೇ 3

ಅಕ್ಕ,

ಇವತ್ತಿಗೆ ಇಪ್ಪತ್ತನಾಲ್ಕು ದಿನ. ನಾನು ಹೊರಟಾಗ ಮುನ್ನೂರ ಒಂಬತ್ತಾಗಿತ್ತು, ಇನ್ನು ಐವತ್ತಾರು ಉಳಿದಿತ್ತು. ಮತ್ತೆ ಹೊಸಬಳಾದ್ದರಿಂದ ಈಗ ಮೇಜಿನ ಬಳಿ ಇಲ್ಲ. ಚೀಲ ಇಳಿಸಿ ಯಂತ್ರಕ್ಕೆ ಹಾಕುವ ಕಡೆ ಬಿಟ್ಟಿದ್ದಾರೆ. ಬೆನ್ನು ನೋಯುತ್ತದೆ. ಉದ್ದಕ್ಕ ತನ್ನ ಕೆಲಸ ಬಿಟ್ಟು ಬಂದು ಕೈ ಹಾಕುತ್ತಾಳೆ, ಬೈಸಿಕೊಳ್ಳುತ್ತಾಳೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನೀನು ಮುಚ್ಚಿಟ್ಟೆ, ನಾನೂ ಮುಚ್ಚಿಟ್ಟೆ. ಫ್ರಾಕು ನನ್ನ ದಿಂಬಿನ ಕೆಳಗಿದೆ ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು. ನಿನ್ನ ಬೀದಿಯ ಔಷಧಿ ಅಂಗಡಿಗೆ ಫೋನು ಮಾಡಬಹುದಿತ್ತು. ಸಂಖ್ಯೆ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಇದೆ. ಆರು ವಾರ ಮಾಡಲಿಲ್ಲ. ಕೇಳಿದರೆ ಉತ್ತರ ಬರುತ್ತದೆ. ಭಾನುವಾರ ಹಾಕಿಕೊಂಡಿದ್ದಳು ಎಂದು ನೀನು ಬರೆದದ್ದು ಸುಳ್ಳೆಂದು ಗೊತ್ತಿದ್ದೂ ಆ ಕಾಗದವನ್ನು ದಿನಾ ಓದುತ್ತಿದ್ದೆ. ಆ ಕಾಗದದಲ್ಲಿ ಅವಳು ಇದ್ದಳು. ಪಾದದ ಗೆರೆ ಬಂದಾಗ ಹಳೆಯ ಗೆರೆಯ ಮೇಲೆ ಇಟ್ಟೆ. ಹತ್ತು ತಿಂಗಳಿಗೆ ಒಂದು ನೂಲೂ ಬೆಳೆದಿರಲಿಲ್ಲ, ಬೆರಳುಗಳೂ ಇರಲಿಲ್ಲ. ಇನ್ನು ಓದಲು ಏನೂ ಉಳಿಯಲಿಲ್ಲ. ಹೊರಟೆ.

ನಾನು ನಿದ್ದೆಗೆಡುವುದು ಇದಕ್ಕಲ್ಲ. ಅಂದು ನಿನ್ನ ಅಂಗಳಕ್ಕೆ ಬಂದಾಗ ಜೀರುಂಡೆ ಬಕೆಟ್ಟಿನಲ್ಲಿ ಕೈ ತೊಳೆಯುತ್ತಿದ್ದಳು. ನಾನು ಅವಳ ಕೈ ಹಿಡಿದು ಬೆರಳು ಎಣಿಸಿದೆ. "ಹಾಗಾದ್ರೆ ಫ್ರಾಕು?" ಎಂದು ನಿನ್ನನ್ನು ಕೇಳಿದೆ. "ಅದು ಪಕ್ಕದ ಮನೆ ಮಗು ಹಾಕ್ಕೊಂಡಿತ್ತು, ಹೋಯ್ತು ಕಣೇ" ಎಂದೆ ನೀನು. ನಾನು "ಸದ್ಯ" ಎಂದೆ. ಗಟ್ಟಿಯಾಗಿಯೇ ಎಂದೆ. ನಕ್ಕೆ ಕೂಡ. ತಲೆ ಎತ್ತಿದರೆ ಗೋಡೆಯ ಆಚೆ ಆ ಮಗುವಿನ ಅಮ್ಮ ಬಟ್ಟೆ ಒಣಹಾಕುತ್ತಿದ್ದಳು. ಕೈಯಲ್ಲಿದ್ದ ಟವೆಲನ್ನು ಹಗ್ಗದ ಮೇಲೆ ಹಾಕಿ, ಅಂಚು ಸರಿಮಾಡಿ, ಒಳಗೆ ಹೋದಳು. ಫ್ರಾಕು ನನ್ನ ಚೀಲದಲ್ಲೇ ಇತ್ತು. ಎರಡು ದಿನವೂ ಗೋಡೆ ದಾಟಿ ಹೋಗಲು ನನ್ನಿಂದ ಆಗಲಿಲ್ಲ.

ಈ ಕಾಗದದ ಜೊತೆ ಅದನ್ನು ಕಳಿಸುತ್ತಿದ್ದೇನೆ. ನನ್ನ ಮಗಳ ಗುರುತು ಅದರಲ್ಲಿ ಇರುವುದು ಬೇಡವೆಂದು ಏಳೂ ಹೊಲಿಗೆ ಬಿಚ್ಚಿದೆ. ಬಟ್ಟೆಯೆಲ್ಲ ಬೆಳ್ಳಗಾಗಿದೆ, ದಾರದ ಅಡಿಯಲ್ಲಿ ಮಾತ್ರ ಏಳು ಕಡೆ ನೀಲಿ ಹಾಗೇ ಉಳಿದಿದೆ. ಅದು ಹೋಗುವುದಿಲ್ಲ. ಎಲ್ಲಿ ಸಿಕ್ಕಿತು ಎಂದು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳು. ಕೊಡುವಾಗ ಜೀರುಂಡೆಯೂ ಇರಲಿ. ಹೊಲಿಗೆ ಹಾಕಿದವಳು ನಾನು, ಯಾರೂ ಅದನ್ನು ಓದಿ ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ ಎಂದು ಅಮ್ಮ ಬರೆದಿದ್ದಾಳೆ ಅನ್ನು. ನಾನೂ ಆರು ವಾರ ಅದನ್ನು ಹಾಗೇ ಓದಿದೆ ಎಂದು ಮಾತ್ರ ಹೇಳಬೇಡ.

ತಂಗಿ


ಮೇ 19

ತಂಗೀ,

ಕೊಟ್ಟೆ. ಆಕೆ ಕೆಲಸದಿಂದ ಬಂದ ಮೇಲೆ, ಇನ್ನೂ ಬೆಳಕಿರುವಾಗ ಹೋದೆವು. ಜೀರುಂಡೆ ನನ್ನ ಸೆರಗು ಹಿಡಿದುಕೊಂಡಿದ್ದಳು. ಎಲ್ಲ ಹೇಳಿದೆ, ನಿನ್ನ ಲಾಂಡ್ರಿ, ಚೀಲ, ಮೇಜು. ಆಕೆ ಪೂರ್ತಿ ಕೇಳಿದಳು. ಫ್ರಾಕನ್ನು ಮುಖಕ್ಕೆ ಹಿಡಿದು ಮೂಸಿದಳು. ಮಗುಚಿ ಒಳಗಿನಿಂದ ಮೂಸಿದಳು, ಕಂಕುಳ ಹತ್ತಿರ, ಕಾಲರಿನ ಹತ್ತಿರ. ಆಮೇಲೆ ಮಡಚಿ ತೊಡೆಯ ಮೇಲಿಟ್ಟುಕೊಂಡಳು.

"ಚೆನ್ನಾಗಿ ಒಗೆದಿದ್ದಾರೆ" ಎಂದಳು.

ಅಷ್ಟೇ. ನಿನ್ನ ಬಗ್ಗೆ ಏನೂ ಅನ್ನಲಿಲ್ಲ. ನಾವು ಏಳುವಾಗ ನಿನ್ನ ಮಗಳು ಕಾಲರು ಬಿಡಿಸಿ ನೀಲಿ ಇರುವ ಕಡೆ ಬೆರಳಿಟ್ಟು, "ಮೊದ್ಲು ಎಲ್ಲಾ ಈ ಬಣ್ಣ ಇತ್ತು" ಎಂದು ಆಕೆಗೆ ತೋರಿಸಿದಳು. ಆಕೆ "ಗೊತ್ತು ಕಂದಾ" ಎಂದಳು. ಈಗ ದಿನಾ ಸಂಜೆ ಒಂದು ಗಳಿಗೆ ಅಲ್ಲಿಗೆ ಹೋಗಿ ಕೂರುತ್ತಾಳೆ. ಮಾತಾಡುವ ಸದ್ದು ಕೇಳುವುದಿಲ್ಲ.

ಪಾದದ ಗೆರೆ ಇಟ್ಟಿದ್ದೇನೆ. ಎರಡೂ. ಅವಳೇ ಎಳೆದುಕೊಂಡಳು.

ಅಕ್ಕ


ಜೂನ್ 1

ಅಕ್ಕ,

ಇವತ್ತು ಅವಳನ್ನು ಕರೆತರಬೇಕಾಗಿದ್ದ ದಿನ. ನನ್ನ ಹೊಸ ಎಣಿಕೆಯಲ್ಲಿ ಐವತ್ಮೂರನೆಯದು. ನನಗೆ ಸಿಗಬೇಕಿದ್ದ ಮನೆಗೆ ಬೇರೆಯವರು ಬಂದರು, ಎರಡು ಮಕ್ಕಳಿವೆ. ಕಿಟಕಿಗೆ ಆಗಲೇ ಪರದೆ ಕಟ್ಟಿದ್ದಾರೆ.

ಪಾದದ ಗೆರೆ ನೋಡಿದೆ. ಹಳೆಯದಕ್ಕಿಂತ ಒಂದು ಬೆರಳು ಉದ್ದ. ಹೆಬ್ಬೆರಳಿನ ಹತ್ತಿರ ಗೆರೆ ನಡುಗಿದೆ, ಅಲ್ಲಿ ಕಚಗುಳಿ ಆಗಿರಬೇಕು. ಚಪ್ಪಲಿಯವನಿಗೆ ಕೊಟ್ಟಿಲ್ಲ. ಇನ್ನೂ ನನ್ನ ಹತ್ತಿರವೇ ಇದೆ.

ನಮ್ಮ ಊರಿನ ಚೀಲಗಳು ಬಂದವು. ಎರಡು ಕೆಂಪು ಹಗ್ಗದವು. ಬಿಚ್ಚುವಂತಿಲ್ಲ, ಗೊತ್ತಲ್ಲ. ಯಂತ್ರದ ಬಾಗಿಲು ತೆರೆಯುವವರೆಗೆ ಒಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಉದ್ದಕ್ಕ ನೋಡಿ, "ಯಾಕೇ, ಭಾರಾನಾ?" ಎಂದಳು.

"ಇಲ್ಲ. ಮಕ್ಕಳ ವಾರ್ಡಿಂದು. ಹಗುರ" ಎಂದೆ.

ಆಮೇಲೆ ನೀರಿಗೆ ಹಾಕಿದೆ.

ತಂಗಿ